ಒಂದೇ ಎಳೆಯಲ್ಲಿ 402 ಟೆರಾಬಿಟ್ ಹೋಗುವಾಗ ನಮಗೆ 24 ಎಳೆಯ ಕೇಬಲ್ ಏಕೆ ಬೇಕು? ಮಾದಾಪುರ–ಗರ್ವಾಲೆ ಭಾಗದ ಫೈಬರ್ ಮತ್ತು ವಿದ್ಯುತ್ ಬಳಕೆ

ಬೆಳೆಗಾರ_ಮಾದಾಪುರ

ಎಲ್ಲರಿಗೂ ನಮಸ್ಕಾರ. ಮಾದಾಪುರದಿಂದ ಹಟ್ಟಿಹೊಳೆಯ ಮೇಲೆ ಗರ್ವಾಲೆಯ ಕಡೆಗೆ ಹೋಗುವ ದಾರಿಯ ಸುಮಾರು ಇನ್ನೂರೈವತ್ತು ಮನೆಗಳಿಗೆ ಹೊಸದಾಗಿ ಫೈಬರ್ ಎಳೆಸುವ ಮಾತುಕತೆ ನಮ್ಮ ಬೆಳೆಗಾರರ ಗುಂಪಿನಲ್ಲಿ ನಡೆಯುತ್ತಿದೆ. ಪರವಾನಗಿ ಇರುವ ಕೇಬಲ್ ನಿರ್ವಾಹಕರೊಬ್ಬರು ಕೆಲಸ ವಹಿಸಿಕೊಳ್ಳಲು ಒಪ್ಪಿದ್ದಾರೆ. ನಮ್ಮ ಮುಂದೆ ಎರಡು ಅಂದಾಜುಗಳಿವೆ. ಮೊದಲನೆಯದರಲ್ಲಿ 6 ಎಳೆಯ (ಎಳೆಯೆಂದರೆ ಬೆಳಕು ಸಾಗುವ ಗಾಜಿನ ತಂತು) ಕೇಬಲನ್ನು ಕಂಬದಿಂದ ಕಂಬಕ್ಕೆ ಎಳೆದು, ಮನೆಗಳ ಗುಂಪು ಇರುವಲ್ಲೆಲ್ಲ ಕರೆಂಟಿನಿಂದ ನಡೆಯುವ ಸ್ವಿಚ್ ಪೆಟ್ಟಿಗೆಯನ್ನು ಕೂರಿಸುತ್ತಾರೆ. ಎರಡನೆಯದರಲ್ಲಿ ರಸ್ತೆಯ ಬದಿಯಲ್ಲಿ ಕೊಳವೆ ಹೂತು ಅದರೊಳಗೆ 24 ಎಳೆಯ ಕೇಬಲನ್ನು ಸೇರಿಸಿ, ದಾರಿಯುದ್ದಕ್ಕೂ ಕರೆಂಟೇ ಬೇಡದ, ಒಂದು ಎಳೆಯ ಬೆಳಕನ್ನು ಹಲವಕ್ಕೆ ಹಂಚುವ ಸ್ಪ್ಲಿಟರ್‌ಗಳನ್ನು ಮಾತ್ರ ಇಡುತ್ತಾರೆ. ಎರಡನೆಯದಕ್ಕೆ ಖರ್ಚು ಬಹಳ ಹೆಚ್ಚು.

ಜಪಾನಿನಲ್ಲಿ ಒಂದೇ ಎಳೆಯ ಮೂಲಕ ಸೆಕೆಂಡಿಗೆ 402 ಟೆರಾಬಿಟ್ ಕಳುಹಿಸಿದ್ದಾರೆಂದು ಗುಂಪಿನ ಹಿರಿಯರೊಬ್ಬರು ಓದಿದ್ದಾರೆ. ಹಾಗಿರುವಾಗ ಇನ್ನೂರೈವತ್ತು ಮನೆಗೆ 24 ಎಳೆ ಏಕೆ ಎಂಬುದು ಅವರ ಪ್ರಶ್ನೆ, ಮತ್ತು ಅದು ನ್ಯಾಯವಾದ ಪ್ರಶ್ನೆಯೆಂದು ನನಗೂ ಅನ್ನಿಸುತ್ತದೆ. ನನ್ನ ಚಿಂತೆ ಇನ್ನೊಂದು ಬದಿಯಲ್ಲಿದೆ. ಕಕ್ಕಡದ ಮಳೆಯಲ್ಲಿ ನಮ್ಮ ಭಾಗದಲ್ಲಿ ಕರೆಂಟು ಹೋದರೆ ಯಾವಾಗ ಬರುವುದೆಂದು ಯಾರೂ ಹೇಳಲಾರರು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಹಟ್ಟಿಹೊಳೆ, ಮಕ್ಕಂದೂರು ಭಾಗದವರು ಹೊರಗಿನವರ ಸಂಪರ್ಕವೇ ಇಲ್ಲದೆ ಉಳಿದದ್ದನ್ನು ಈ ವೇದಿಕೆಯ ಹಲವರು ಕಂಡಿದ್ದೀರಿ. ಯಾವ ವ್ಯವಸ್ಥೆ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಭೌತಶಾಸ್ತ್ರ_ಮಡಿಕೇರಿ

402 ಟೆರಾಬಿಟ್ ನಿಜವಾದ ಅಂಕಿ. ಜಪಾನಿನ ರಾಷ್ಟ್ರೀಯ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ ಸಂಸ್ಥೆಯವರು ಬ್ರಿಟನ್ನಿನ ಆಸ್ಟನ್ ವಿಶ್ವವಿದ್ಯಾಲಯ ಮೊದಲಾದವರ ಜೊತೆ ಸೇರಿ 2024ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ದೂರ 50 ಕಿ.ಮೀ., ಬಳಸಿದ್ದು ಪೇಟೆಯಲ್ಲಿ ಸಿಗುವ ಸಾಮಾನ್ಯ ತಂತು. ಆದರೆ ಆ ಎಳೆಯ ಎರಡು ತುದಿಗಳಲ್ಲಿ ಏನೇನು ಇತ್ತು ಎಂಬುದನ್ನೂ ನೋಡಬೇಕು. ಅವರು 1500ಕ್ಕೂ ಹೆಚ್ಚು ಬೇರೆ ಬೇರೆ ತರಂಗಾಂತರಗಳ ಬೆಳಕನ್ನು ಒಟ್ಟಿಗೆ ಹಾಯಿಸಿದರು, ಒಟ್ಟು 37.6 ಟೆರಾಹರ್ಟ್ಸ್ ಅಗಲದ ಪಟ್ಟಿಯನ್ನು (ಬ್ಯಾಂಡ್) ಬಳಸಿದರು. ಇಂದು ದೂರದ ಮಾರ್ಗಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವುದು 1530ರಿಂದ 1565 ನ್ಯಾನೊಮೀಟರ್‌ವರೆಗಿನ ಪಟ್ಟಿ. 1987ರಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾಲಯದ ಡೇವಿಡ್ ಪೇನ್ ತಂಡವೂ ಬೆಲ್ ಲ್ಯಾಬ್ಸ್‌ನ ಇಮ್ಯಾನುಯೆಲ್ ಡೆಸುರ್ವಿರ್ ಅವರೂ ರೂಪಿಸಿದ, ಸೊರಗಿದ ಬೆಳಕನ್ನು ಮತ್ತೆ ಬಲಪಡಿಸುವ ಎರ್ಬಿಯಂ ವರ್ಧಕವು ಚೆನ್ನಾಗಿ ಕೆಲಸ ಮಾಡುವುದು ಅಲ್ಲಿಯೇ. ಆ ಪಟ್ಟಿಯಿಂದ ಹೊರಗೆ ಹೋದ ಹಾಗೆಲ್ಲ ಬೇರೆ ಬೇರೆ ಬಗೆಯ ವರ್ಧಕಗಳು ಬೇಕಾಗುತ್ತವೆ, ಅವುಗಳಲ್ಲಿ ಹಲವಕ್ಕೆ ಎರ್ಬಿಯಂ ವರ್ಧಕಕ್ಕಿಂತ ಹೆಚ್ಚು ವಿದ್ಯುತ್ ಬೇಕು. ಆ ಪ್ರಯೋಗವು ಗಾಜಿನ ಎಳೆಯ ಸಾಮರ್ಥ್ಯ ಎಷ್ಟಿದೆ ಎಂದು ತೋರಿಸುತ್ತದೆಯೇ ಹೊರತು ಅಷ್ಟನ್ನು ಪಡೆಯಲು ಎಷ್ಟು ವಿದ್ಯುತ್ ತೆರಬೇಕೆಂಬುದು ಆ ಒಂದು ಅಂಕಿಯಲ್ಲಿ ಕಾಣುವುದಿಲ್ಲ.

ಇಲ್ಲಿ ಒಂದು ಮೂಲಭೂತ ನಿಯಮವಿದೆ, ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಹಿರಿಯರ ಪ್ರಶ್ನೆಗೆ ಉತ್ತರ ಅದರೊಳಗೇ ಇದೆ. ಕ್ಲಾಡ್ ಶ್ಯಾನನ್ 1948ರಲ್ಲಿ ತೋರಿಸಿಕೊಟ್ಟಂತೆ, ಒಂದು ಮಾರ್ಗದ ಸಾಮರ್ಥ್ಯವು ಅದರ ಪಟ್ಟಿಯ ಅಗಲಕ್ಕೆ ನೇರ ಅನುಪಾತದಲ್ಲಿ ಬೆಳೆಯುತ್ತದೆ, ಆದರೆ ಸಂಕೇತದ ಬಲಕ್ಕೆ ಲಾಗರಿದಮ್ಮಿನ ಲೆಕ್ಕದಲ್ಲಿ ಮಾತ್ರ ಬೆಳೆಯುತ್ತದೆ. ಸಂಕೇತವು ಗದ್ದಲಕ್ಕಿಂತ 100 ಪಟ್ಟು ಬಲವಾಗಿದೆ ಎಂದುಕೊಳ್ಳಿ. ಆಗ ಒಂದು ಹರ್ಟ್ಸ್ ಅಗಲಕ್ಕೆ ಸೆಕೆಂಡಿಗೆ ಸುಮಾರು 6.66 ಬಿಟ್ ಸಾಗಿಸಬಹುದು. ಬೆಳಕಿನ ಬಲವನ್ನು ಇಮ್ಮಡಿ ಮಾಡಿದರೆ ಅದು 7.65 ಆಗುತ್ತದೆ, ಎಂದರೆ ಎರಡರಷ್ಟು ಶಕ್ತಿ ತೆತ್ತು ನಾವು ಪಡೆದದ್ದು ಶೇಕಡಾ 15ರಷ್ಟು ಹೆಚ್ಚಳ. ಈಗ ಬಲವನ್ನು ಹೆಚ್ಚಿಸದೆ, ಇದ್ದ ಅದೇ ಬೆಳಕನ್ನು ಎರಡು ಎಳೆಗಳಿಗೆ ಅರ್ಧರ್ಧ ಹಂಚಿರಿ. ಒಂದೊಂದು ಎಳೆಯಲ್ಲಿ 5.67 ಬಿಟ್, ಎರಡೂ ಸೇರಿ 11.34. ಹೆಚ್ಚು ಬೆಳಕಿಲ್ಲದೆಯೇ ಶೇಕಡಾ 70ರಷ್ಟು ಹೆಚ್ಚಳ ದೊರೆಯಿತು. ನಾಲ್ಕು ಎಳೆಗಳಿಗೆ ಹಂಚಿದರೆ ಒಟ್ಟು 18.8, ಎಂದರೆ ಮೊದಲಿನ 2.8 ಪಟ್ಟು.

ಇದಕ್ಕೆ ಗಾಜಿನ ಸ್ವಭಾವವೂ ಸೇರಿಕೊಳ್ಳುತ್ತದೆ. ಬೆಳಕು ತೀವ್ರವಾದಾಗ ಗಾಜಿನ ವಕ್ರೀಭವನಾಂಕವೇ ಸ್ವಲ್ಪ ಬದಲಾಗುತ್ತದೆ. ಇದು ಕೆರ್ ಪರಿಣಾಮ. ಅದರಿಂದ ಒಂದು ತರಂಗಾಂತರದ ಸಂಕೇತವು ಪಕ್ಕದ ತರಂಗಾಂತರದ ಸಂಕೇತವನ್ನು ಕೆಡಿಸುತ್ತದೆ, ಒಂದು ಮಿತಿಯ ಆಚೆಗೆ ಬಲವನ್ನು ಹೆಚ್ಚಿಸಿದಷ್ಟೂ ಸಾಮರ್ಥ್ಯ ಕುಗ್ಗುತ್ತದೆ. ಹೀಗಾಗಿ ಸಾಮರ್ಥ್ಯ ಮತ್ತು ವಿದ್ಯುತ್ ಉಳಿತಾಯ ಎರಡೂ ಬೇಕೆಂದರೆ ದಾರಿಗಳನ್ನು ಹೆಚ್ಚಿಸುವುದೇ ಸರಿ. ಸಮುದ್ರದಡಿಯ ಕೇಬಲ್‌ಗಳು ಈ ಲೆಕ್ಕವನ್ನು ಒಪ್ಪಿಕೊಂಡಿವೆ. ಅಲ್ಲಿ ವರ್ಧಕಗಳಿಗೆ ಬೇಕಾದ ವಿದ್ಯುತ್ತನ್ನೆಲ್ಲ ಎರಡು ದಡಗಳಿಂದ ತಾಮ್ರದ ಮೂಲಕವೇ ಕಳುಹಿಸಬೇಕಾದ್ದರಿಂದ ಪ್ರತಿ ವಾಟ್ ಕೂಡ ಅಮೂಲ್ಯ. ಅಮೆರಿಕ ಮತ್ತು ಫ್ರಾನ್ಸಿನ ನಡುವೆ 2021ರಲ್ಲಿ ಬಳಕೆಗೆ ಬಂದ ಗೂಗಲ್‌ನ ಡ್ಯುನಾಂಟ್ ಕೇಬಲಿನಲ್ಲಿ 12 ಜೋಡಿ ಎಳೆಗಳಿದ್ದು, ಒಟ್ಟು ಸಾಮರ್ಥ್ಯ 250 ಟೆರಾಬಿಟ್. ಒಂದೊಂದು ಜೋಡಿಯನ್ನು ಗರಿಷ್ಠ ಮಿತಿಗೆ ಹಿಂಡುವ ಬದಲು, ವರ್ಧಕಗಳಿಗೆ ಶಕ್ತಿ ಕೊಡುವ ಲೇಸರ್‌ಗಳನ್ನು ಹಲವು ಜೋಡಿಗಳು ಹಂಚಿಕೊಳ್ಳುವಂತೆ ಅದನ್ನು ಕಟ್ಟಿದ್ದಾರೆ.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ 24 ಎಳೆಯೇ ಸರಿ.

ಕೇಬಲ್_ಸೋಮವಾರಪೇಟೆ

ಮೇಷ್ಟ್ರೇ, ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಅದು ಸಾವಿರಾರು ಕಿಲೋಮೀಟರಿನ ಮಾರ್ಗದ ಲೆಕ್ಕ. ಗರ್ವಾಲೆಯ ದಾರಿಯಲ್ಲಿ ಕೊನೆಯ ಮನೆಗೂ ಮಾದಾಪುರದಿಂದ 14 ಕಿ.ಮೀ. ಮೀರಿ ಕೇಬಲ್ ಬೇಕಾಗುವುದಿಲ್ಲ. ಈ ದೂರಕ್ಕೆ ವರ್ಧಕವೇ ಬೇಡ. ವರ್ಧಕವೇ ಇಲ್ಲದ ಕಡೆ ಅದರ ವಿದ್ಯುತ್ ಉಳಿಸುವ ಪ್ರಶ್ನೆ ಏಳುವುದಿಲ್ಲ. ಇನ್ನು ಸಾಮರ್ಥ್ಯದ ಮಾತು: ನಾನು ಹಾಕುವ ಜಿಪಾನ್ ವ್ಯವಸ್ಥೆಯಲ್ಲಿ (ಸ್ಪ್ಲಿಟರ್ ಮೂಲಕ ಒಂದೇ ಎಳೆಯನ್ನು ಹಲವು ಮನೆಗೆ ಹಂಚುವ ಪಾನ್ ಎಂಬ ಬಗೆಯದು) ಒಂದು ಎಳೆಯಲ್ಲಿ ಮನೆಗಳ ಕಡೆಗೆ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಬರುತ್ತದೆ, 32 ಮನೆಗಳು ಅದನ್ನು ಹಂಚಿಕೊಳ್ಳುತ್ತವೆ. ಮೂವತ್ತೆರಡೂ ಮನೆಯವರು ಒಂದೇ ಕ್ಷಣದಲ್ಲಿ ಪೂರ್ತಿ ಎಳೆದರೂ ಮನೆಗೆ 77 ಮೆಗಾಬಿಟ್ ಸಿಗುತ್ತದೆ. ನಾಳೆ ಸಾಲದಾದರೆ ಅದೇ ಎಳೆಯ ಮೇಲೆ 10 ಗಿಗಾಬಿಟ್‌ನ ಎಕ್ಸ್‌ಜಿಎಸ್-ಪಾನ್ ಹಾಕಬಹುದು. ಜಿಪಾನ್ 1490 ಮತ್ತು 1310 ನ್ಯಾನೊಮೀಟರಿನಲ್ಲಿ ನಡೆಯುತ್ತದೆ, ಎಕ್ಸ್‌ಜಿಎಸ್-ಪಾನ್ 1577 ಮತ್ತು 1270ರಲ್ಲಿ. ಒಂದರ ಕಾಲಿಗೆ ಇನ್ನೊಂದು ತೊಡರುವುದಿಲ್ಲ. ಎಳೆ ಹಾಗೆಯೇ ಇರುತ್ತದೆ, ಬದಲಾಗುವುದು ತುದಿಯ ಯಂತ್ರಗಳು. 250 ಮನೆಗೆ 32ರಂತೆ 8 ಎಳೆ ಸಾಕು. 24 ಎಳೆಯಲ್ಲಿ 16 ಸುಮ್ಮನೆ ಬಿದ್ದಿರುತ್ತವೆ.

ಇನ್ನೊಂದು ಮಾತನ್ನು ಕೆಲಸ ಮಾಡುವವನಾಗಿ ಹೇಳಲೇಬೇಕು. ಮಳೆಗಾಲದಲ್ಲಿ ಸಿಲ್ವರ್ ಓಕ್ ಮರ ಬಿದ್ದು ಕೇಬಲ್ ತುಂಡಾದರೆ, ತುಂಡಾದ ಜಾಗಕ್ಕೆ ಹೊಸ ಕೇಬಲ್ ಸೇರಿಸಿ ಎರಡು ಕಡೆ ಬೆಸೆಯಬೇಕು. 6 ಎಳೆಯಾದರೆ 12 ಬೆಸುಗೆ. 24 ಎಳೆಯಾದರೆ 48. ಜೀಪಿನ ಹಿಂದೆ ಟಾರ್ಪಾಲು ಕಟ್ಟಿಕೊಂಡು, ಬೆಸೆಯುವ ಯಂತ್ರಕ್ಕೆ ತೇವ ತಾಗದಂತೆ ಕಾಯ್ದುಕೊಂಡು ಅಷ್ಟು ಬೆಸುಗೆ ಹಾಕುವುದೆಂದರೆ ಅಷ್ಟು ಹೊತ್ತು ಊರಿಗೆ ಸಂಪರ್ಕವಿಲ್ಲವೆಂದೇ ಅರ್ಥ.

ಸ್ಪ್ಲಿಟರ್ ಬೇಕು ಎಂಬುದನ್ನು ಮಾತ್ರ ಪೂರ್ಣವಾಗಿ ಒಪ್ಪುತ್ತೇನೆ. ಕಂಬದ ಮೇಲೆ ಕರೆಂಟಿನ ಸ್ವಿಚ್ ಇಟ್ಟವರಿಗೆ ಸಿಡಿಲು ಬಡಿದಾಗೆಲ್ಲ ಹೊಸ ಸ್ವಿಚ್ ಕೊಳ್ಳುವ ಕೆಲಸ ತಪ್ಪಿದ್ದಲ್ಲ. ಮಧ್ಯದ ಒಂದು ಸ್ವಿಚ್ ನಿಂತರೆ ಅದರ ಮುಂದಿನ ಊರುಗಳೆಲ್ಲ ನಿಂತವು.

ಬೆಂಗಳೂರಲ್ಲಿ_ವಿರಾಜಪೇಟೆಯವಳು

ನಾನು ಬೆಳಕನ್ನು ಕಳುಹಿಸುವ ಮತ್ತು ಪಡೆಯುವ ಮಾಡ್ಯೂಲ್‌ಗಳ ವಿನ್ಯಾಸದ ಕೆಲಸದಲ್ಲಿದ್ದೇನೆ. ವಿದ್ಯುತ್ ಎಲ್ಲಿ ಖರ್ಚಾಗುತ್ತದೆ ಎಂಬುದಕ್ಕೆ ಅಂಕಿಗಳನ್ನು ಕೊಟ್ಟರೆ ಈ ಚರ್ಚೆಗೆ ಉಪಯೋಗವಾಗಬಹುದು.

ನಗರಗಳ ನಡುವೆ 80ರಿಂದ 120 ಕಿ.ಮೀ. ದೂರಕ್ಕೆ ಬಳಸುವ 400 ಗಿಗಾಬಿಟ್ ಮಾಡ್ಯೂಲ್ ಒಂದು ಸುಮಾರು 15 ವಾಟ್ ತೆಗೆದುಕೊಳ್ಳುತ್ತದೆ. ಪೂರ್ತಿ ಹೊರೆಯಲ್ಲಿ ಅದು ಒಂದು ಬಿಟ್‌ಗೆ 37.5 ಪಿಕೊಜೂಲ್ (ಪಿಕೊಜೂಲ್ ಎಂದರೆ ಜೂಲ್‌ನ ಲಕ್ಷ ಕೋಟಿಯಲ್ಲಿ ಒಂದು ಪಾಲು) ಆಯಿತು. ಈಗ ಮನೆಯೊಳಗಿನ ಪೆಟ್ಟಿಗೆಯನ್ನು, ಎಂದರೆ ವೈಫೈ ಸೇರಿದ ಓಎನ್‌ಟಿಯನ್ನು ನೋಡೋಣ. ಅದಕ್ಕೆ 10 ವಾಟ್ ಎಂದು ಹಿಡಿಯಿರಿ. ದಿನಕ್ಕೆ 20 ಗಿಗಾಬೈಟ್ ಬಳಸುವ ಮನೆಯೆಂದರೆ ದಿನದ ಸರಾಸರಿ ಸೆಕೆಂಡಿಗೆ 2 ಮೆಗಾಬಿಟ್ ಕೂಡ ಆಗುವುದಿಲ್ಲ. 2 ಎಂದೇ ಇಟ್ಟುಕೊಂಡರೂ ಒಂದು ಬಿಟ್‌ಗೆ 50 ಲಕ್ಷ ಪಿಕೊಜೂಲ್ ಖರ್ಚಾಗುತ್ತದೆ. ನಗರಗಳ ನಡುವಿನ ದೂರವನ್ನು ದಾಟಿಸುವ ಮಾಡ್ಯೂಲಿಗಿಂತ ಗೋಡೆಯ ಮೇಲಿನ ಪೆಟ್ಟಿಗೆಯು ಒಂದು ಬಿಟ್‌ಗೆ ಲಕ್ಷ ಪಟ್ಟಿಗಿಂತ ಹೆಚ್ಚು ಶಕ್ತಿ ನುಂಗುತ್ತದೆ, ಅದೂ ಬಹುತೇಕ ಏನೂ ಕೆಲಸವಿಲ್ಲದ ಹೊತ್ತಿನಲ್ಲಿ. ಒಂದು ಮನೆಗೆ ಇದು ವರ್ಷಕ್ಕೆ ಸುಮಾರು 88 ಯೂನಿಟ್. 250 ಮನೆಗೆ ಹಗಲಿರುಳು 2.5 ಕಿಲೋವಾಟ್. ಅತ್ತ ಮಾದಾಪುರದ ಕಡೆ ಕೂರಿಸುವ 8 ಕಿಂಡಿಗಳ ಓಎಲ್‌ಟಿಗೆ, ಎಂದರೆ ಎಲ್ಲ ಮನೆಗಳ ಎಳೆಗಳಿಗೆ ಬೆಳಕು ಕಳುಹಿಸುವ ಕೇಂದ್ರದ ಯಂತ್ರಕ್ಕೆ, ನೂರು ವಾಟ್ ಎಂದು ಹಿಡಿದರೂ ಅದು 256 ಮನೆಗೆ ಹಂಚಿಹೋಗಿ ಮನೆಗೆ ಅರ್ಧ ವಾಟ್ ಕೂಡ ಬೀಳುವುದಿಲ್ಲ.

ಉದ್ಯಮದಲ್ಲಿ ನಾವು ಯಾವಾಗಲೂ ಬಿಟ್‌ಗೆ ಎಷ್ಟು ಜೂಲ್ ಎಂದೇ ಅಳೆಯುತ್ತೇವೆ. ದತ್ತಾಂಶ ಕೇಂದ್ರಗಳಲ್ಲಿ ಅದು ಸರಿಯಾದ ಅಳತೆ, ಅಲ್ಲಿ ಯಂತ್ರಗಳಿಗೆ ಬಿಡುವಿರುವುದಿಲ್ಲ. ಸ್ವಿಚ್ ಚಿಪ್ಪಿನಿಂದ ಮಾಡ್ಯೂಲ್‌ವರೆಗಿನ ಕೆಲವು ಅಂಗುಲದ ತಾಮ್ರದ ಹಾದಿಯಲ್ಲಿ ಕೆಡುವ ಸಂಕೇತವನ್ನು ಸರಿಪಡಿಸಲು ಮಾಡ್ಯೂಲಿನೊಳಗೊಂದು ಸಂಸ್ಕಾರಕ ಚಿಪ್ ಇರುತ್ತದೆ, ಮಾಡ್ಯೂಲಿನ ವಿದ್ಯುತ್ತಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಬೆಳಕಿನ ಭಾಗವನ್ನು ಸ್ವಿಚ್ ಚಿಪ್ಪಿನ ಪಕ್ಕದಲ್ಲೇ, ಒಂದೇ ಹೊದಿಕೆಯೊಳಗೆ ತಂದು ಕೂರಿಸುವ ಪ್ರಯತ್ನಗಳು ಈಗ ನಡೆಯುತ್ತಿರುವುದು ಆ ಪಾಲನ್ನು ಉಳಿಸಲಿಕ್ಕೆ. ಜಪಾನಿನ ಎನ್‌ಟಿಟಿ ತನ್ನ ಐಯೋನ್ ಯೋಜನೆಯಲ್ಲಿ ವಿದ್ಯುತ್ ದಕ್ಷತೆಯನ್ನು 100 ಪಟ್ಟು, ಸಾಗಣೆಯ ಸಾಮರ್ಥ್ಯವನ್ನು 125 ಪಟ್ಟು ಹೆಚ್ಚಿಸುವ ಗುರಿ ಇಟ್ಟುಕೊಂಡಿದೆ. ಸಂಕೇತವನ್ನು ದಾರಿಯಲ್ಲಿ ವಿದ್ಯುತ್ತಿಗೆ ಇಳಿಸದೆ ಆದಷ್ಟು ದೂರ ಬೆಳಕಾಗಿಯೇ ಒಯ್ಯಬೇಕೆಂಬುದು ಅದರ ತಿರುಳು.

ಆದರೆ ನಿಮ್ಮ ದಾರಿಗೆ ಬಿಟ್‌ಗೆ ಜೂಲ್ ಎಂಬ ಅಳತೆ ಹೊಂದುವುದಿಲ್ಲ ಎಂದೇ ನಾನು ವಾದಿಸುತ್ತೇನೆ. ಮನೆಯವರು ನಾಳೆ ಎರಡರಷ್ಟು ವಿಡಿಯೊ ನೋಡಿದರೆ ಆ ಅಳತೆಯಲ್ಲಿ ದಕ್ಷತೆ ಇಮ್ಮಡಿಯಾದಂತೆ ಕಾಣುತ್ತದೆ, ಆದರೆ ಬ್ಯಾಟರಿ ಒಂದು ನಿಮಿಷವೂ ಹೆಚ್ಚು ಬಾಳುವುದಿಲ್ಲ. ಕರೆಂಟಿಲ್ಲದ ಊರಿಗೆ ಬೇಕಾದ ಅಳತೆ ಕೇವಲ ವಾಟ್: ಕೊನೆಯ ಮನೆಯ ಫೋನು ಬದುಕಿರಲು ಒಟ್ಟು ಎಷ್ಟು ಪೆಟ್ಟಿಗೆಗಳು ಉರಿಯುತ್ತಿರಬೇಕು, ಅವು ಎಲ್ಲೆಲ್ಲಿವೆ, ಒಂದೊಂದಕ್ಕೂ ಬ್ಯಾಟರಿ ಯಾರು ಕೊಡುತ್ತಾರೆ.

ವಿದ್ಯಾರ್ಥಿನಿ_ಪೊನ್ನಂಪೇಟೆ

ಅಕ್ಕ, ಬಳಕೆಯಿಲ್ಲದ ಹೊತ್ತಿನಲ್ಲಿ ಓಎನ್‌ಟಿ ಮಲಗುವಂತೆ ಮಾಡಲಾಗುವುದಿಲ್ಲವೇ? ಹಾಗೆಯೇ, ನಡುವೆ ಗಾಜಿಲ್ಲದ ಟೊಳ್ಳು ತಂತುವಿನ ಬಗ್ಗೆ ಕಾಲೇಜಿನಲ್ಲಿ ಕೇಳಿದೆ. ಅದು ನಮ್ಮಂಥ ಕಡೆಗೆ ಉಪಯೋಗವಾಗುವುದೇ?

ಬೆಂಗಳೂರಲ್ಲಿ_ವಿರಾಜಪೇಟೆಯವಳು

ಮಲಗಿಸಬಹುದು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪಾನ್ ಮಾನದಂಡಗಳಲ್ಲಿ ಎರಡು ವಿಧಾನಗಳಿವೆ. ಒಂದರಲ್ಲಿ ಕಳುಹಿಸುವ ಲೇಸರ್ ಮಾತ್ರ ಆರುತ್ತದೆ, ಕೇಳುವ ಭಾಗ ಎಚ್ಚರವಾಗಿರುತ್ತದೆ. ಇನ್ನೊಂದರಲ್ಲಿ ಎರಡೂ ಮಲಗಿ, ಗೊತ್ತಾದ ಅಂತರದಲ್ಲಿ ಎದ್ದು ಸಂದೇಶವಿದೆಯೇ ಎಂದು ನೋಡಿ ಮತ್ತೆ ಮಲಗುತ್ತವೆ. ಓಎಲ್‌ಟಿ ಮತ್ತು ಓಎನ್‌ಟಿ ಎರಡೂ ಇದನ್ನು ಬೆಂಬಲಿಸಬೇಕು, ಹಾಗಾಗಿ ಕೊಳ್ಳುವ ಮೊದಲೇ ಕೇಳಬೇಕು. ಆದರೆ ವೈಫೈ ಸೇರಿದ ಪೆಟ್ಟಿಗೆಯಲ್ಲಿ ಬೆಳಕಿನ ಭಾಗಕ್ಕಿಂತ ವೈಫೈ ಮತ್ತು ಅದರ ಸಂಸ್ಕಾರಕಕ್ಕೇ ಹೆಚ್ಚು ಖರ್ಚು. ಕರೆಂಟು ಹೋದಾಗ ವೈಫೈನ ಒಂದು ಬ್ಯಾಂಡನ್ನು ಆರಿಸುವುದರಿಂದ ಸಿಗುವ ಉಳಿತಾಯವೂ ಸಣ್ಣದಲ್ಲ.

ಟೊಳ್ಳು ತಂತುವಿನ ಉತ್ತರವನ್ನು ಮೇಷ್ಟ್ರಿಗೆ ಬಿಡುತ್ತೇನೆ.

ಭೌತಶಾಸ್ತ್ರ_ಮಡಿಕೇರಿ

ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್‌ಹ್ಯಾಮ್ 1966ರಲ್ಲಿ ಬರೆದದ್ದು, ಗಾಜಿನೊಳಗಿನ ಕಲ್ಮಶಗಳನ್ನು ತೆಗೆದು ನಷ್ಟವನ್ನು ಕಿಲೋಮೀಟರಿಗೆ 20 ಡೆಸಿಬೆಲ್‌ಗಿಂತ (3 ಡೆಸಿಬೆಲ್ ನಷ್ಟವೆಂದರೆ ಬೆಳಕು ಅರ್ಧವಾದಂತೆ) ಕೆಳಗೆ ತಂದರೆ ತಂತುವಿನಲ್ಲಿ ಸಂವಹನ ಸಾಧ್ಯ ಎಂದು. ಕಾರ್ನಿಂಗ್ ಸಂಸ್ಥೆ 1970ರಲ್ಲಿ ಅದನ್ನು ಸಾಧಿಸಿತು. 1979ರ ಹೊತ್ತಿಗೆ ಜಪಾನಿನಲ್ಲಿ 0.2 ಡೆಸಿಬೆಲ್‌ಗೆ ಬಂದರು. ಅಲ್ಲಿಂದ ಮುಂದೆ ನಾಲ್ಕು ದಶಕಗಳ ಪ್ರಯತ್ನದ ಬಳಿಕವೂ ಗಾಜು 0.14ರ ಆಸುಪಾಸಿನಲ್ಲಿಯೇ ನಿಂತಿತು, ಏಕೆಂದರೆ ಗಾಜಿನ ಅಣುಗಳ ಅಸಮತೆಯಿಂದಲೇ ಬೆಳಕು ಚದುರುತ್ತದೆ, ಅದನ್ನು ಎಷ್ಟು ಶುದ್ಧಗೊಳಿಸಿದರೂ ತಪ್ಪಿಸಲಾಗದು. ಟೊಳ್ಳು ತಂತುವಿನಲ್ಲಿ ಬೆಳಕು ಗಾಳಿಯಲ್ಲಿ ಸಾಗುತ್ತದೆ, ಅದರ ಸುತ್ತಲಿನ ತೆಳುವಾದ ಗಾಜಿನ ಕೊಳವೆಗಳು ಬೆಳಕು ಹೊರಹೋಗದಂತೆ ತಡೆಯುತ್ತವೆ. ಸೌತಾಂಪ್ಟನ್ ಮತ್ತು ಮೈಕ್ರೋಸಾಫ್ಟ್ ಸಂಶೋಧಕರು 2025ರಲ್ಲಿ ಕಿಲೋಮೀಟರಿಗೆ 0.091 ಡೆಸಿಬೆಲ್ ನಷ್ಟವನ್ನು ವರದಿ ಮಾಡಿದರು. ಸಾಮಾನ್ಯ ತಂತುವಿನಲ್ಲಿ 15 ಕಿ.ಮೀ.ಗೆ ಅರ್ಧವಾಗುವ ಬೆಳಕು ಇದರಲ್ಲಿ 33 ಕಿ.ಮೀ. ಹೋದ ಮೇಲೆ ಅರ್ಧವಾಗುತ್ತದೆ. 80 ಕಿ.ಮೀ. ಆದ ಮೇಲೆ ಅಲ್ಲಿ ಉಳಿಯುವುದು ನಲವತ್ತರಲ್ಲಿ ಒಂದು ಪಾಲು, ಇಲ್ಲಿ ಐದರಲ್ಲಿ ಒಂದು ಪಾಲಿನ ಹತ್ತಿರ. ಬೆಳಕು ಗಾಜಿನೊಂದಿಗೆ ಬೆರೆಯುವುದೇ ಕಡಿಮೆಯಾದ್ದರಿಂದ ಕೆರ್ ಪರಿಣಾಮವೂ ಬಹಳ ಕಡಿಮೆ. ವರ್ಧಕಗಳನ್ನು ದೂರ ದೂರ ಇಡಬಹುದು. ದೂರದ ಮಾರ್ಗಗಳಲ್ಲಿ ವಿದ್ಯುತ್ ಉಳಿಸಲು ಇದಕ್ಕಿಂತ ಒಳ್ಳೆಯ ಭರವಸೆ ನನಗೆ ಕಾಣುತ್ತಿಲ್ಲ. 14 ಕಿ.ಮೀ. ದಾರಿಗೆ ಅದರ ಅಗತ್ಯವಿಲ್ಲ.

ಕೇಬಲ್ ಅವರು ಎತ್ತಿದ ಆಕ್ಷೇಪವನ್ನು ಒಪ್ಪುತ್ತೇನೆ: ಶ್ಯಾನನ್ ಲೆಕ್ಕದ ಲಾಭ ವರ್ಧಕಗಳಿರುವ ಉದ್ದನೆಯ ಮಾರ್ಗಕ್ಕೆ ಸಲ್ಲುತ್ತದೆ. ಆದರೂ ಸಾಮರ್ಥ್ಯ ಬೆಳೆಯಬೇಕಾದಾಗ ದಾರಿಗಳ ಸಂಖ್ಯೆ ಬೆಳೆಯುವುದೇ ಲೋಕದ ಎಲ್ಲೆಡೆ ಕಾಣುವ ಕ್ರಮ. ಜಪಾನಿನ ಅದೇ ಸಂಸ್ಥೆ 2025ರಲ್ಲಿ ಸಾಮಾನ್ಯ ತಂತುವಿನಷ್ಟೇ ದಪ್ಪದ, ಎಂದರೆ 0.125 ಮಿಲಿಮೀಟರಿನ ಗಾಜಿನೊಳಗೆ ಬೆಳಕು ಸಾಗುವ 19 ತಿರುಳುಗಳಿರುವ ತಂತುವಿನಲ್ಲಿ ಸೆಕೆಂಡಿಗೆ 1.02 ಪೆಟಾಬಿಟ್ಟನ್ನು 1808 ಕಿ.ಮೀ. ಸಾಗಿಸಿತು. ಅಲ್ಲಿಯೂ ಒಂದು ದಾರಿಯನ್ನು ಹಿಂಡುವ ಬದಲು ದಾರಿಗಳನ್ನೇ ಹೆಚ್ಚಿಸಿದ್ದಾರೆ.

ಸ್ಪ್ಲೈಸಿಂಗ್_ಗೋಣಿಕೊಪ್ಪ

ನಾನು ಬೆಸುಗೆ ಹಾಕುವ ಕೆಲಸದವನು. ಬೆಳಕಿನ ಲೆಕ್ಕವನ್ನು ಮೊದಲು ಕಾಗದದ ಮೇಲೆ ಹಾಕಿಕೊಳ್ಳದೆ ಕೇಬಲ್ ಎಳೆದವರ ಮನೆಗಳಲ್ಲಿ ಕೆಂಪು ದೀಪ ಮಿನುಗುವುದನ್ನು ಬಹಳ ಕಂಡಿದ್ದೇನೆ, ಆದ್ದರಿಂದ ನಿಮ್ಮ ದಾರಿಯ ಲೆಕ್ಕವನ್ನು ಇಲ್ಲಿಯೇ ಹಾಕಿ ತೋರಿಸುತ್ತೇನೆ.

ಸಾಮಾನ್ಯ ಬಿ ಪ್ಲಸ್ ದರ್ಜೆಯ ಜಿಪಾನ್‌ನಲ್ಲಿ ಓಎಲ್‌ಟಿಯಿಂದ ಮನೆಯವರೆಗೆ 28 ಡೆಸಿಬೆಲ್ ನಷ್ಟವನ್ನು ಸಹಿಸಬಹುದು. ಮನೆಯಿಂದ ಮೇಲಕ್ಕೆ ಹೋಗುವ 1310ರ ಬೆಳಕಿಗೆ ಕಿಲೋಮೀಟರಿಗೆ 0.35ರಂತೆ 14 ಕಿ.ಮೀ.ಗೆ 4.9 ಹೋಯಿತು. 32 ಮನೆಗೆ ಒಡೆಯುವ ಸ್ಪ್ಲಿಟರಿನಲ್ಲಿ 17. ಹತ್ತು ಬೆಸುಗೆಗೆ ತಲಾ 0.1ರಂತೆ 1, ನಾಲ್ಕು ಕನೆಕ್ಟರಿಗೆ ತಲಾ ಅರ್ಧದಂತೆ 2. ಒಟ್ಟು 24.9, ಉಳಿದದ್ದು 3.1. ನಿಮ್ಮ ಕಡೆ ಮನೆಗಳು ತೋಟಗಳ ನಡುವೆ ಚದುರಿಕೊಂಡಿರುವುದರಿಂದ ಒಂದೇ ಕಡೆ 32ಕ್ಕೆ ಒಡೆಯುವುದಕ್ಕಿಂತ, ಮೊದಲು ನಾಲ್ಕಕ್ಕೆ ಒಡೆದು ಮುಂದೆ ಊರಿನ ಬಳಿ ಒಂದೊಂದನ್ನು ಎಂಟಕ್ಕೆ ಒಡೆಯುವುದು ಅನುಕೂಲ. ಆಗ ನಷ್ಟ ಇನ್ನೂ ಸ್ವಲ್ಪ ಹೆಚ್ಚಿ, ಕೈಯಲ್ಲಿ 2.4 ಡೆಸಿಬೆಲ್ ಉಳಿಯುತ್ತದೆ. ದುಡ್ಡು ಉಳಿಸಲು 64ಕ್ಕೆ ಒಡೆಯೋಣವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಲೆಕ್ಕ 28ನ್ನು ದಾಟಿಬಿಡುತ್ತದೆ.

ಉಳಿದ ಈ ಎರಡೂವರೆ ಮೂರು ಡೆಸಿಬೆಲ್ ನಮ್ಮ ಜಿಲ್ಲೆಯಲ್ಲಿ ಮರದ ಕೊಂಬೆಗಳ ಪಾಲಾಗುತ್ತದೆ. ಸ್ಪ್ಲಿಟರಿನಿಂದ ಮನೆಗೆ ಬರುವ ಡ್ರಾಪ್ ಕೇಬಲನ್ನು ಸಿಲ್ವರ್ ಓಕಿಗೆ ಸುತ್ತಿ ಮೊಳೆ ಹೊಡೆದರೆ, ಮರ ದಪ್ಪವಾದ ಹಾಗೆ ಕೇಬಲ್ ಬಿಗಿದುಕೊಂಡು ಬಾಗುತ್ತದೆ. ಬಾಗಿದ ಕಡೆ 1310ರ ಬೆಳಕಿಗಿಂತ 1490ರ ಬೆಳಕು ಹೆಚ್ಚು ಸೋರುತ್ತದೆ, 1577ರದು ಅದಕ್ಕಿಂತಲೂ ಹೆಚ್ಚು. ಇಂದು ಜಿಪಾನ್ ಸರಿಯಾಗಿ ನಡೆಯುವ ಮನೆಯಲ್ಲಿ ನಾಳೆ ಎಕ್ಸ್‌ಜಿಎಸ್-ಪಾನ್ ಹಾಕಿದಾಗ ಬೆಳಕು ಸಾಲದೆ ಹೋಗುವುದು ಇದರಿಂದಲೇ. ಮನೆಯ ಬಳಿಯ ಕೇಬಲಿಗೆ ಜಿ.657ಎ2 ಬಗೆಯ, 7.5 ಮಿಲಿಮೀಟರ್ ತ್ರಿಜ್ಯದವರೆಗೆ ಬಾಗಿದರೂ ತಾಳಿಕೊಳ್ಳುವ ತಂತುವನ್ನೇ ಕೇಳಿ ಪಡೆಯಿರಿ. ಸೋರಿಕೆಯನ್ನು ಸರಿದೂಗಿಸಲು ಮೇಲಿನ ದರ್ಜೆಯ ಲೇಸರ್ ಕೊಳ್ಳುವುದಕ್ಕಿಂತ ಸೋರಿಕೆಯನ್ನೇ ನಿಲ್ಲಿಸುವುದು ಅಗ್ಗ.

ಕೇಬಲ್ ಅಣ್ಣ 48 ಬೆಸುಗೆಯ ಬಗ್ಗೆ ಹೇಳಿದ್ದು ಪೂರ್ತಿ ಸರಿಯಲ್ಲ. ತುಂಡಾದಾಗ ಬೆಳಕಿರುವ ಎಳೆಗಳನ್ನು ಮೊದಲು ಬೆಸೆದು ಊರಿಗೆ ಸಂಪರ್ಕ ಕೊಟ್ಟು, ಖಾಲಿ ಎಳೆಗಳನ್ನು ಮಳೆ ಬಿಟ್ಟ ಮೇಲೆ ಬೆಸೆಯಬಹುದು. ರಿಬ್ಬನ್ ಕೇಬಲ್ ಆದರೆ 12 ಎಳೆಗಳನ್ನು ಒಂದೇ ಸಲಕ್ಕೆ ಬೆಸೆಯುವ ಯಂತ್ರವಿದೆ. ಅದಕ್ಕಿಂತ ಮುಖ್ಯವಾಗಿ, ಕೊಳವೆಯೊಳಗೆ ಹೂತ ಕೇಬಲಿನ ಮೇಲೆ ಮರ ಬೀಳುವುದಿಲ್ಲ.

ಕೇಬಲ್_ಸೋಮವಾರಪೇಟೆ

ಹೂಳುವುದು ಒಳ್ಳೆಯದೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಗುಡ್ಡವೇ ಜಾರಿದರೆ ರಸ್ತೆಯ ಜೊತೆ ಕೊಳವೆಯೂ ಹೋಗುತ್ತದೆ. ಕಂಬದ ಮೇಲಿನದಾದರೆ ಎರಡು ಹೊಸ ಕಂಬ ನೆಟ್ಟು ಅಂದೇ ಎಳೆಯಬಹುದು. ಹೂತದ್ದನ್ನು ಮತ್ತೆ ಹೂಳಲು ರಸ್ತೆ ಕಟ್ಟುವವರೆಗೆ ಕಾಯಬೇಕು.

ಸ್ಪ್ಲೈಸಿಂಗ್_ಗೋಣಿಕೊಪ್ಪ

ಅದಕ್ಕಾಗಿಯೇ ಎರಡು ಕಡೆಯ ದಾರಿ ಬೇಕೆನ್ನುವುದು. ಮಾದಾಪುರದಿಂದ ಒಂದು, ಗರ್ವಾಲೆಯ ಆಚೆ ಸೋಮವಾರಪೇಟೆಯ ಕಡೆಯಿಂದ ಇನ್ನೊಂದು. ಎರಡು ಒಳದಾರಿ ಇರುವ ಸ್ಪ್ಲಿಟರ್ ಸಿಗುತ್ತದೆ. ಒಂದು ಕಡೆಯ ಕೇಬಲ್ ಹೋದರೆ ಓಎಲ್‌ಟಿ ಇನ್ನೊಂದು ಕಿಂಡಿಯಿಂದ ಬೆಳಕು ಕಳುಹಿಸುತ್ತದೆ, ಮನೆಗಳಲ್ಲಿ ಏನನ್ನೂ ಬದಲಿಸಬೇಕಿಲ್ಲ, ದಾರಿಯಲ್ಲಿ ಕರೆಂಟೂ ಬೇಡ. ಎಂಟು ಎಳೆ ಈ ಕಡೆಯಿಂದ, ಎಂಟು ಎಳೆ ಆ ಕಡೆಯಿಂದ ಹಾದು ಹೋಗಬೇಕಾದಾಗ 16 ಆಯಿತು. ಉಳಿದ ಎಂಟರಲ್ಲಿ ಮೊಬೈಲ್ ಟವರಿಗೆ, ಪಂಚಾಯಿತಿ ಕಚೇರಿಗೆ, ಶಾಲೆಗೆ ಕೊಟ್ಟರೆ 24 ಹೆಚ್ಚಾಗಿ ಕಾಣುವುದಿಲ್ಲ. ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಕೇಂದ್ರ ಸರ್ಕಾರದ ಭಾರತ್‌ನೆಟ್ ಯೋಜನೆಯ ಮೊದಲ ಹಂತಗಳಲ್ಲಿ ಬ್ಲಾಕಿನಿಂದ ಪಂಚಾಯಿತಿಗೆ ಒಂದೇ ಸಾಲಿನಲ್ಲಿ ಎಳೆದ ಕೇಬಲುಗಳು ತುಂಡಾದರೆ ಮುಂದಿನದೆಲ್ಲ ನಿಲ್ಲುತ್ತಿತ್ತು. 2023ರಲ್ಲಿ ಒಪ್ಪಿಗೆ ಪಡೆದ ತಿದ್ದುಪಡಿಯ ಯೋಜನೆಯಲ್ಲಿ ಅದನ್ನು ಉಂಗುರದ ವಿನ್ಯಾಸಕ್ಕೆ ಬದಲಿಸಿದ್ದಾರೆ.

ಹೋಂಸ್ಟೇ_ಗಾಳಿಬೀಡು

ಉಪಗ್ರಹದ ಇಂಟರ್ನೆಟ್ ಬಂದರೆ ಇಷ್ಟೆಲ್ಲ ಅಗೆತ, ಬೆಸುಗೆ ಏಕೆ ಬೇಕು ಎಂದು ನಮ್ಮ ಕಡೆ ಹಲವರು ಕೇಳುತ್ತಾರೆ. ತಿಳಿದವರು ಉತ್ತರಿಸಬೇಕು.

ಬೆಂಗಳೂರಲ್ಲಿ_ವಿರಾಜಪೇಟೆಯವಳು

ಮನೆಯ ಮೇಲಿನ ಅಂಥ ತಟ್ಟೆಯೊಂದು ಸಾಮಾನ್ಯವಾಗಿ 50ರಿಂದ 100 ವಾಟ್ ತೆಗೆದುಕೊಳ್ಳುತ್ತದೆ, ಓಎನ್‌ಟಿಯ ಐದರಿಂದ ಹತ್ತು ಪಟ್ಟು. ಜೋರು ಮಳೆ ಮತ್ತು ದಟ್ಟ ಮೋಡ ಅದರ ಸಂಕೇತವನ್ನು ಹೀರುತ್ತವೆ, ಮೇಲೆ ಬಾಗಿದ ಮರಗಳು ಆಕಾಶವನ್ನು ಮುಚ್ಚುತ್ತವೆ. ಗುಡ್ಡ ಕುಸಿದಾಗ ಪರಿಹಾರ ಕೇಂದ್ರದಲ್ಲಿ ಒಂದು ಇದ್ದರೆ ಬಹಳ ಒಳ್ಳೆಯದು, ಇನ್ನೂರೈವತ್ತು ಮನೆಗೆ ಅದು ಬದಲಿಯಾಗಲಾರದು.

ಕೇಬಲ್_ಸೋಮವಾರಪೇಟೆ

ಬ್ಯಾಟರಿಯ ಲೆಕ್ಕವನ್ನು ನಾನು ಹಾಕುತ್ತೇನೆ. ಓಎಲ್‌ಟಿ ಮತ್ತು ಅದರ ಮೇಲಿನ ರೂಟರ್ ಸೇರಿ 100 ವಾಟ್ ಎಂದಾದರೆ, 48 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿ ಸಾಲಿನಲ್ಲಿ 4.8 ಯೂನಿಟ್ ಇರುತ್ತದೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ 24 ಗಂಟೆ ನಡೆಯುತ್ತದೆ. ಮನೆಯ 10 ವಾಟಿನ ಪೆಟ್ಟಿಗೆಗೆ 12 ವೋಲ್ಟಿನ ಸಣ್ಣ ಯುಪಿಎಸ್ ಸಾಕು. ದೊಡ್ಡ ಇನ್ವರ್ಟರ್ ಇದ್ದರೆ ಅದು 12 ವೋಲ್ಟನ್ನು 230ಕ್ಕೆ ಏರಿಸಿ, ಅಡಾಪ್ಟರ್ ಮತ್ತೆ 12ಕ್ಕೆ ಇಳಿಸುವುದರಲ್ಲೇ ಬ್ಯಾಟರಿಯ ಒಳ್ಳೆಯ ಪಾಲು ಬಿಸಿಯಾಗಿ ಹೋಗುತ್ತದೆ. ಕಂಬದ ಸ್ವಿಚ್‌ಗಳ ಅಂದಾಜಿನಲ್ಲಿ ಇದೇ ಭದ್ರತೆ ಬೇಕಾದರೆ ಪ್ರತಿ ಸ್ವಿಚ್ಚಿಗೂ ಒಂದು ಬ್ಯಾಟರಿ, ಪ್ರತಿ ಬ್ಯಾಟರಿಯನ್ನು ಮಳೆಯಲ್ಲಿ ನೋಡಿಕೊಳ್ಳಲು ಒಬ್ಬ ಮನುಷ್ಯ ಬೇಕು. ನನ್ನ ಸಲಹೆ: ಮುಖ್ಯ ರಸ್ತೆಯಲ್ಲಿ ಕೊಳವೆಯೊಳಗೆ 24 ಎಳೆ, ತೋಟಗಳೊಳಗಿನ ಕವಲುಗಳಿಗೆ ಲೋಹವೇ ಇಲ್ಲದ, ತನ್ನ ಭಾರವನ್ನು ತಾನೇ ಹೊರುವ 12 ಎಳೆಯ ಕೇಬಲ್ ಕಂಬದ ಮೇಲೆ. ಲೋಹವಿಲ್ಲದ್ದರಿಂದ ಸಿಡಿಲಿನ ವಿದ್ಯುತ್ ಅದರ ಮೂಲಕ ಮನೆಗೆ ಬರುವುದಿಲ್ಲ.

ಬೆಳೆಗಾರ_ಮಾದಾಪುರ

ಮೇಷ್ಟ್ರಿಗೂ ಉಳಿದೆಲ್ಲರಿಗೂ ಕೃತಜ್ಞತೆಗಳು. ಮುಂದಿನ ಸಭೆಗೆ ಒಯ್ಯುವ ಪತ್ರದಲ್ಲಿ ಕೇಬಲ್ ಅವರು ಹೇಳಿದ ಎರಡು ಬಗೆಯ ಕೇಬಲ್, ಎರಡು ಒಳದಾರಿಯ ಸ್ಪ್ಲಿಟರ್, ಮಲಗುವ ಸೌಲಭ್ಯವಿರುವ ಓಎನ್‌ಟಿ ಮತ್ತು ಮಾದಾಪುರದ 48 ವೋಲ್ಟಿನ ಬ್ಯಾಟರಿ ಸಾಲನ್ನು ಸೇರಿಸುತ್ತೇನೆ. ಸೋಮವಾರಪೇಟೆಯ ಕಡೆಯ ದಾರಿಗೆ ಹಣ ಈ ವರ್ಷ ಹೊಂದುವುದು ಕಷ್ಟ. ಆ ಭಾಗವನ್ನು ಮುಂದಿನ ವರ್ಷಕ್ಕೆ ಬಿಟ್ಟರೆ ಈಗಲೇ ಮಾಡಿಟ್ಟುಕೊಳ್ಳಬೇಕಾದದ್ದು ಏನು?

ಸ್ಪ್ಲೈಸಿಂಗ್_ಗೋಣಿಕೊಪ್ಪ

ಎರಡು ಒಳದಾರಿಯ ಸ್ಪ್ಲಿಟರನ್ನು ಈಗಲೇ ಹಾಕಿಸಿ, ಎರಡನೆಯ ಒಳದಾರಿಗೆ ಧೂಳು ಹೋಗದಂತೆ ಮುಚ್ಚಳ ಇರಲಿ. ಗರ್ವಾಲೆಯ ಕೊನೆಯ ಜಾಯಿಂಟ್ ಪೆಟ್ಟಿಗೆಯಲ್ಲಿ ಇಪ್ಪತ್ತು ಮೀಟರ್ ಕೇಬಲನ್ನು ಸುರುಳಿ ಸುತ್ತಿ ಬಿಡಿಸಿ. ಖಾಲಿ ಇರುವ ಪ್ರತಿ ಎಳೆಯನ್ನೂ ಕೆಲಸ ಮುಗಿದ ದಿನವೇ ಓಟಿಡಿಆರ್‌ನಲ್ಲಿ (ಎಳೆಯ ಯಾವ ಜಾಗದಲ್ಲಿ ಎಷ್ಟು ನಷ್ಟವಿದೆ ಎಂದು ಅಳೆಯುವ ಯಂತ್ರ) 1310 ಮತ್ತು 1550 ಎರಡರಲ್ಲೂ ಅಳೆಸಿ, ಆ ದಾಖಲೆಯ ಪ್ರತಿಯನ್ನು ನಿಮ್ಮ ಗುಂಪಿನ ಬಳಿಯೇ ಇಟ್ಟುಕೊಳ್ಳಿ. ಒಂದು ಎಳೆ 1310ರಲ್ಲಿ ಸರಿಯಿದ್ದು 1550ರಲ್ಲಿ ನಷ್ಟ ಹೆಚ್ಚು ತೋರಿಸಿದರೆ ಎಲ್ಲಿಯೋ ಕೇಬಲ್ ಬಾಗಿದೆ ಎಂದು ತಿಳಿಯಿರಿ, ಬಿಲ್ ಕೊಡುವ ಮೊದಲೇ ಅದನ್ನು ಸರಿಪಡಿಸಿಕೊಳ್ಳಿ.